ಕೆಂಡ, ಹೊಗೆ ಮತ್ತು ಒಂದು ಸಿದ್ಧಾಂತದ ಆಯುಷ್ಯ: ದನದ ಮಾಂಸದ ದೊಡ್ಡ ಖಂಡವನ್ನು ಸುಡುವ ಕ್ರಮದ ಚರಿತ್ರೆ

ಮಾಂಸವನ್ನು ಬೆಂಕಿಯಲ್ಲಿ ಸುಡುವ ಕ್ರಮವು ಮನುಷ್ಯನ ಪಾಕವಿಧಾನಗಳಲ್ಲೆಲ್ಲ ಅತ್ಯಂತ ಪ್ರಾಚೀನವಾದುದು. ಆದರೆ ಆ ಕ್ರಮವನ್ನು ಕುರಿತ ಲಿಖಿತ ವಿಚಾರ ತೀರ ಈಚಿನದು. ಸುಟ್ಟವರು ಬರೆಯಲಿಲ್ಲ, ಬರೆದವರು ಬಹುಮಟ್ಟಿಗೆ ಸುಡಲಿಲ್ಲ. ಈ ಎರಡು ವರ್ಗಗಳ ನಡುವಿನ ಅಂತರದಿಂದಾಗಿ ಪಾಕಶಾಸ್ತ್ರದ ಚರಿತ್ರೆಯಲ್ಲಿ ಎಂತಹ ವಿಚಿತ್ರ ಸ್ಥಿತಿ ಉಂಟಾಯಿತೆಂಬುದನ್ನು ತಿಳಿಯಲು ಮೇಲ್ನೋಟಕ್ಕೆ ಅತಿ ಸಾಮಾನ್ಯವೆಂದು ತೋರುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಮೂರು ನಾಲ್ಕು ಕಿಲೋಗ್ರಾಂ ತೂಗುವ ದನದ ಪಕ್ಕೆಲುಬಿನ ಮಾಂಸಖಂಡವೊಂದನ್ನು ಇದ್ದಿಲಿನ ಕೆಂಡದಲ್ಲಿ ಬೇಯಿಸುವಾಗ ತೀವ್ರವಾದ ಶಾಖವನ್ನು ಮೊದಲು ಕೊಡಬೇಕೆ, ಕೊನೆಯಲ್ಲಿ ಕೊಡಬೇಕೆ? ಮೇಲ್ಮೈಯನ್ನು ಮೊದಲೇ ಕಂದಿಸಿ ಅನಂತರ ಹೊಗೆಯಲ್ಲಿ ಇಡುವುದೋ, ಹೊಗೆಯಲ್ಲಿ ನಿಧಾನವಾಗಿ ಬೇಯಿಸಿ ಕಟ್ಟಕಡೆಗೆ ಕಂದಿಸುವುದೋ?

ಕನ್ನಡದಲ್ಲಿ ಸುಡು, ಬೇಯಿಸು, ಹುರಿ, ಬಾಡಿಸು, ಕಂದಿಸು, ಸೀಯಿಸು ಎಂಬ ಕ್ರಿಯಾಪದಗಳು ಶಾಖದ ಬೇರೆ ಬೇರೆ ಪ್ರಮಾಣಗಳನ್ನೂ ಪರಿಣಾಮಗಳನ್ನೂ ಸೂಚಿಸುತ್ತವೆ. ಪ್ರಸ್ತುತ ಲೇಖನದಲ್ಲಿ 'ಕಂದಿಸು' ಎಂಬ ಪದವನ್ನು ಮಾಂಸದ ಹೊರಪದರವನ್ನು ಅತಿ ಹೆಚ್ಚಿನ ಶಾಖದಲ್ಲಿ ಅಲ್ಪಕಾಲ ಕಂದುಬಣ್ಣಕ್ಕೆ ತರುವ ಕ್ರಿಯೆಗೆ ಮಾತ್ರ ಬಳಸಲಾಗಿದೆ. ಒಳಭಾಗವು ಬೇಯುವುದು ಬೇರೆಯೇ ಆದ ಕ್ರಿಯೆ. ಈ ಎರಡನ್ನೂ ಒಂದೆಂದು ಭಾವಿಸಿದುದರಿಂದಲೇ ಮುಂದೆ ಹೇಳಲಿರುವ ಗೊಂದಲಗಳು ಹುಟ್ಟಿಕೊಂಡವು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ದನದ ಮಾಂಸವನ್ನು ಸುಡುವುದೆಂದರೆ ತೆರೆದ ಅಗ್ಗಿಷ್ಟಿಕೆಯ ಮುಂದೆ ಕಬ್ಬಿಣದ ಸಲಾಕೆಗೆ ಸಿಕ್ಕಿಸಿ ತಿರುಗಿಸುತ್ತಿರುವುದೆಂದೇ ಅರ್ಥ. 1747ರಲ್ಲಿ ಪ್ರಕಟವಾದ ಹಾನ್ನಾ ಗ್ಲಾಸ್ ಅವರ 'ದಿ ಆರ್ಟ್ ಆಫ್ ಕುಕರಿ' ಎಂಬ ಗ್ರಂಥವು ಆ ಕಾಲದ ಮನೆಗಳಲ್ಲಿ ಬಹಳ ಬಳಕೆಯಲ್ಲಿದ್ದಿತು. ಅದರಲ್ಲಿ ದನದ ಮಾಂಸದ ಮೇಲ್ಭಾಗಕ್ಕೆ ಕಾಗದವನ್ನು ಹೊದಿಸಬೇಕೆಂದೂ, ಬೇಯುವಷ್ಟು ಕಾಲವೂ ಕೊಬ್ಬನ್ನು ಸುರಿಯುತ್ತಿರಬೇಕೆಂದೂ, ಮಾಂಸದಿಂದೇಳುವ ಆವಿಯು ಬೆಂಕಿಯ ಕಡೆಗೆ ಸೆಳೆಯಲ್ಪಡುವುದು ಕಂಡಾಗ ಬೆಂದಿತೆಂದು ತಿಳಿದು ಕಾಗದವನ್ನು ತೆಗೆದು, ಮತ್ತೆ ಕೊಬ್ಬು ಸುರಿದು ಹಿಟ್ಟು ಉದುರಿಸಿ ಮೇಲ್ಮೈಗೆ ನೊರೆ ಬರಿಸಬೇಕೆಂದೂ ಹೇಳಿದೆ. ಕಾಗದದ ಉದ್ದೇಶ ಸ್ಪಷ್ಟವಾಗಿದೆ. ಅದು ಮೇಲ್ಪದರವನ್ನು ಉರಿಯಿಂದ ಕಾಪಾಡುವ ಮರೆ. ಹೊರಭಾಗವು ಸೀದುಹೋಗುವ ಮುನ್ನ ಒಳಭಾಗವು ಬೇಯಲಿ ಎಂಬ ಉಪಾಯ. ಅಂದಿನ ಅಡುಗೆಯವರು ದೊಡ್ಡ ಖಂಡಗಳನ್ನು ಮೊದಲು ಬೆಂಕಿಯಿಂದ ದೂರದಲ್ಲಿಟ್ಟು ಕೊನೆಗೆ ಸಮೀಪಕ್ಕೆ ತರುತ್ತಿದ್ದರು. ಕಂದಿಸುವುದು ಅವರ ಪಾಲಿಗೆ ಸಮಾಪ್ತಿಯ ಕಾರ್ಯವಾಗಿತ್ತೇ ಹೊರತು ಆರಂಭದ್ದಲ್ಲ. ರಸವು ಒಳಗೇ ಉಳಿಯುವ ಪ್ರಶ್ನೆ ಅವರನ್ನು ಹೆಚ್ಚಾಗಿ ಕಾಡಿದಂತೆ ಕಾಣುವುದಿಲ್ಲ. ಸಲಾಕೆಯ ಕೆಳಗೆ ತಟ್ಟೆಯೊಂದನ್ನು ಇಟ್ಟು, ತೊಟ್ಟಿಕ್ಕಿದುದನ್ನು ಹಿಡಿದು ಮತ್ತೆ ಮಾಂಸದ ಮೇಲೆಯೇ ಸುರಿಯುತ್ತಿದ್ದರು.

ಇದೇ ಕ್ರಮವನ್ನು ಯಂತ್ರಕ್ಕೆ ಅಳವಡಿಸಿದವನು ಬೆಂಜಮಿನ್ ಥಾಂಪ್ಸನ್. 1753ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಬವೇರಿಯದ ಸೇವೆಯಲ್ಲಿ ಕೌಂಟ್ ರಮ್‌ಫರ್ಡ್ ಎಂಬ ಪದವಿಯನ್ನು ಪಡೆದು, 1799ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಈತನು ಶಾಖದ ಸ್ವರೂಪವನ್ನು ಕುರಿತ ಪ್ರಯೋಗಗಳಿಗಾಗಿ ವಿಜ್ಞಾನದ ಚರಿತ್ರೆಯಲ್ಲಿ ಸ್ಮರಣೀಯನಾಗಿದ್ದಾನೆ. ಅಡುಗೆಮನೆಗೆ ಆತ ನಿರ್ಮಿಸಿಕೊಟ್ಟ ಸುಡುವ ಪೆಟ್ಟಿಗೆಯು ಒಂದು ಕಬ್ಬಿಣದ ಉರುಳೆ. ಅದರ ಕೆಳಗೆ ಬೆಂಕಿ ಹಾದುಹೋಗುವಲ್ಲಿ ಗಾಳಿಯ ಕೊಳವೆಗಳಿದ್ದು, ಅವುಗಳ ಬಾಯಿಗೆ ಬಿರಡೆಗಳಿರುತ್ತಿದ್ದವು. ಮಾಂಸವು ಮೃದುವಾದ ಶಾಖದಲ್ಲಿ ಬೇಯುವವರೆಗೂ ಬಿರಡೆಗಳನ್ನು ಮುಚ್ಚಿಟ್ಟು, ಕೊನೆಯಲ್ಲಿ ಬೆಂಕಿಯನ್ನು ಹೆಚ್ಚಿಸಿ ಬಿರಡೆಗಳನ್ನು ತೆರೆದರೆ ಕಾದ ಒಣಗಾಳಿಯು ನುಗ್ಗಿ ಮೇಲ್ಮೈಯನ್ನು ಕಂದಿಸುತ್ತಿತ್ತು. ಇಂತಹ ಪೆಟ್ಟಿಗೆಯೊಂದು ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಪೋರ್ಟ್ಸ್‌ಮತ್ ನಗರದಲ್ಲಿ 1807ರಲ್ಲಿ ಕಟ್ಟಿದ ರಂಡ್ಲೆಟ್-ಮೇ ಮನೆಯಲ್ಲಿ ಉಳಿದುಬಂದಿದೆ. ಆರ್ದ್ರವಾದ ಸೌಮ್ಯ ಶಾಖ ಮೊದಲು, ಶುಷ್ಕವಾದ ತೀವ್ರ ಶಾಖ ಕೊನೆಗೆ ಎಂಬ ತತ್ತ್ವವು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿಯೇ ಸುಶಿಕ್ಷಿತ ವಲಯದಲ್ಲಿ ಪರಿಚಿತವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹೀಗಿದ್ದರೂ ಆ ಶತಮಾನ ಮುಗಿಯುವಷ್ಟರಲ್ಲಿ ಪಾಕಗ್ರಂಥಗಳು ಇದಕ್ಕೆ ತದ್ವಿರುದ್ಧವಾದ ಕ್ರಮವನ್ನು ಸ್ವೀಕರಿಸಿದ್ದವು. ಈ ಪರಿವರ್ತನೆಗೆ ಕಾರಣನಾದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್. ಗೀಸೆನ್ ವಿಶ್ವವಿದ್ಯಾಲಯದಲ್ಲಿ ಆತ ನಡೆಸಿದ ಪ್ರಯೋಗಶಾಲೆಯು ಯುರೋಪಿನ ರಸಾಯನ ಶಿಕ್ಷಣಕ್ಕೆ ಮಾದರಿಯಾಗಿತ್ತು. ಕೃಷಿರಸಾಯನದಲ್ಲಿ ಆತನ ಮಾತಿಗೆ ಎದುರಿರಲಿಲ್ಲ. 1847ರಲ್ಲಿ ಆತ ಮಾಂಸದ ರಸಾಯನವನ್ನು ಕುರಿತ ಕೃತಿಯನ್ನು ಪ್ರಕಟಿಸಿದನು. ಅದೇ ವರ್ಷ ವಿಲಿಯಂ ಗ್ರೆಗರಿಯ ಇಂಗ್ಲಿಷ್ ಅನುವಾದವೂ ಹೊರಬಂದಿತು. ಮಾಂಸದ ನೀರಿನಲ್ಲಿ ಕರಗುವ ಅಂಶಗಳಲ್ಲಿಯೇ ಅದರ ಪೋಷಕ ಸತ್ತ್ವವಿದೆ ಎಂಬುದು ಆತನ ನಂಬಿಕೆ. ಆ ಸತ್ತ್ವವನ್ನು ಉಳಿಸಿಕೊಳ್ಳಬೇಕಾದರೆ ಮಾಂಸವನ್ನು ತಣ್ಣೀರಿನಲ್ಲಿಡದೆ ಕುದಿಯುವ ನೀರಿಗೇ ಹಾಕಬೇಕು. ಆಗ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ ಒಂದು ಕವಚವಾಗುತ್ತದೆ. ಹೊರಗಿನ ನೀರು ಒಳಹೋಗದು, ಒಳಗಿನ ರಸ ಹೊರಬರದು ಎಂದು ಆತ ತರ್ಕಿಸಿದನು. ಸುಡುವ ಕ್ರಮಕ್ಕೂ ಇದೇ ತರ್ಕವು ಅನ್ವಯವಾಯಿತು. ಮೊದಲು ತೀವ್ರ ಶಾಖ, ಕವಚದ ನಿರ್ಮಾಣ, ಬಳಿಕ ಸೌಮ್ಯ ಶಾಖ.

ಈ ವಿಚಾರವು ಸಂಪೂರ್ಣವಾಗಿ ಹೊಸದೇನೂ ಅಲ್ಲ. ಸುಟ್ಟ ಪದಾರ್ಥಗಳ ಹೊರಗಿನ ರಂಧ್ರಗಳು ಮೊದಲು ಮುಚ್ಚಿಕೊಳ್ಳುವುದರಿಂದ ಒಳಗೆ ತೇವ ಉಳಿಯುತ್ತದೆಂಬ ಅಭಿಪ್ರಾಯವು ಅರಿಸ್ಟಾಟಲನ ಹೆಸರಿನ 'ಮೀಟಿಯೊರೊಲಾಜಿಕ'ದ ನಾಲ್ಕನೆಯ ಪುಸ್ತಕದಲ್ಲಿಯೇ ಇದೆ. ಆದರೆ ಅರಿಸ್ಟಾಟಲನನ್ನು ಓದಿ ಯಾರೂ ಅಡುಗೆ ಮಾಡಲಿಲ್ಲ. ಲೀಬಿಗನನ್ನು ಓದಿ ಮಾಡಿದರು. ಎಲಿಜಾ ಆಕ್ಟನ್ ಅವರು ತಮ್ಮ ಜನಪ್ರಿಯ ಪಾಕಗ್ರಂಥದ 1855ರ ಪರಿಷ್ಕೃತ ಆವೃತ್ತಿಯಲ್ಲಿ ಲೀಬಿಗನ ತತ್ತ್ವಗಳನ್ನು ಅಂಗೀಕರಿಸಿದರು. 1861ರಲ್ಲಿ ಗ್ರಂಥರೂಪದಲ್ಲಿ ಬಂದ ಇಸಬೆಲ್ಲಾ ಬೀಟನ್ ಅವರ ಗೃಹಕೃತ್ಯದ ಕೈಪಿಡಿಯಲ್ಲಿಯೂ ಆತನ ಪ್ರಭಾವವಿದೆ. 1903ರಲ್ಲಿ ಫ್ರೆಂಚ್ ಪಾಕಪ್ರವೀಣ ಆಗಸ್ಟ್ ಎಸ್ಕೋಫಿಯೆ ತನ್ನ ಮಹಾಗ್ರಂಥದಲ್ಲಿ ಕಂದುಬಣ್ಣದ ಹೊರಪದರವನ್ನು ರಸದ ಹೊರಹರಿವನ್ನು ತಡೆಯುವ ಕವಚಕ್ಕೆ ಹೋಲಿಸಿದನು. ಐವತ್ತಾರು ವರ್ಷಗಳಲ್ಲಿ ಒಂದು ಊಹೆಯು ಗೀಸೆನ್ನಿನ ಪ್ರಯೋಗಶಾಲೆಯಿಂದ ಹೊರಟು ಯುರೋಪಿನ ಅತ್ಯುನ್ನತ ಪಾಕಶಾಲೆಯ ಶಾಸ್ತ್ರವಾಗಿ ಪರಿಣಮಿಸಿತ್ತು. 1865ರಲ್ಲಿ ಸ್ಥಾಪಿತವಾಗಿ, ಉರುಗ್ವೆಯ ಫ್ರೈ ಬೆಂಟೋಸ್‌ನಲ್ಲಿ ದನದ ಮಾಂಸದ ಸಾರವನ್ನು ತಯಾರಿಸಿ ಯುರೋಪಿಗೆ ಮಾರಿದ ಕಂಪನಿಯೂ ಲೀಬಿಗನ ಹೆಸರನ್ನೇ ಹೊತ್ತಿದ್ದಿತು. ಅಲ್ಲಿಗೆ ಆ ಹೆಸರು ಮನೆಮನೆಯ ಕಪಾಟಿಗೂ ತಲುಪಿತೆನ್ನಬಹುದು.

ಸಿದ್ಧಾಂತದ ದೋಷವು ಸೂಕ್ಷ್ಮವಾದುದಲ್ಲ. ಕಾದ ಬಾಣಲೆಯ ಮೇಲೆ ಅಥವಾ ಕೆಂಡದ ಮೇಲೆ ಇಟ್ಟ ಮಾಂಸವು ನಿರಂತರವಾಗಿ ಚುರುಗುಟ್ಟುತ್ತಿರುವುದನ್ನು ಪ್ರತಿಯೊಬ್ಬ ಅಡುಗೆಯವರೂ ಕೇಳಿದ್ದಾರೆ. ಆ ಸದ್ದು ಮಾಂಸದೊಳಗಿನ ನೀರು ಹೊರಬಂದು ಆವಿಯಾಗುತ್ತಿರುವುದರ ಸದ್ದು. ಕವಚವು ನಿಜವಾಗಿಯೂ ನೀರನ್ನು ತಡೆಯುವಂತಹುದಾಗಿದ್ದರೆ ಕಂದಿದ ಮೇಲೆ ಸದ್ದು ನಿಲ್ಲಬೇಕಾಗಿತ್ತು, ಅದು ನಿಲ್ಲುವುದಿಲ್ಲ. ಕಿವಿಗೆ ಕೇಳುತ್ತಿದ್ದ ಈ ಪ್ರಮಾಣಕ್ಕಿಂತ ಮುದ್ರಿತ ವಾಕ್ಯಕ್ಕೆ ಹೆಚ್ಚಿನ ಬೆಲೆ ದೊರೆಯಿತೆಂಬುದೇ ಇಲ್ಲಿ ಚಿಂತನೀಯವಾದ ಅಂಶ.

ಲೀಬಿಗನ ಸಿದ್ಧಾಂತವು ಗ್ರಂಥದಿಂದ ಗ್ರಂಥಕ್ಕೆ ಸಾಗುತ್ತಿದ್ದ ಕಾಲದಲ್ಲಿ, ಅಟ್ಲಾಂಟಿಕ್ ಸಾಗರದ ಇನ್ನೊಂದು ದಡದಲ್ಲಿ ಯಾವ ಗ್ರಂಥವನ್ನೂ ಅವಲಂಬಿಸದ ಬೇರೊಂದು ಪರಂಪರೆಯು ಬೆಳೆದುಬಂದಿತ್ತು. ಕೆರಿಬಿಯನ್ ದ್ವೀಪಗಳ ತೈನೋ ಜನರು ಕೋಲುಗಳಿಂದ ಕಟ್ಟಿದ ಎತ್ತರದ ಅಟ್ಟಣೆಯನ್ನು ಸ್ಪೇನಿನವರು 'ಬಾರ್ಬಕೋವ' ಎಂದು ದಾಖಲಿಸಿದರು. ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ ಗೊನ್ಸಾಲೊ ಫರ್ನಾಂಡೆಸ್ ದೆ ಒವಿಯೆದೊ ಎಂಬ ಚರಿತ್ರಕಾರನ ಬರಹಗಳಲ್ಲಿ ಈ ಪದ ಕಾಣಿಸಿಕೊಳ್ಳುತ್ತದೆ. 'ಬಾರ್ಬೆಕ್ಯೂ' ಎಂಬ ಇಂದಿನ ಪದದ ಮೂಲ ಇದೇ. ಆ ಅಟ್ಟಣೆಯ ಮೇಲೆ ಬೆಂದುದು ಮೊದಲಿಗೆ ದನದ ಮಾಂಸವಲ್ಲ, ಏಕೆಂದರೆ ಅಲ್ಲಿ ದನಗಳೇ ಇರಲಿಲ್ಲ. 1493ರಲ್ಲಿ ಕೊಲಂಬಸನ ಎರಡನೆಯ ಯಾನದಲ್ಲಿ ಬಂದ ದನಗಳ ಸಂತತಿಯು ಹಿಸ್ಪಾನಿಯೋಲ ದ್ವೀಪದ ಕಾಡುಗಳಲ್ಲಿ ಹಬ್ಬಿದ ಬಳಿಕ ಅವುಗಳನ್ನು ಬೇಟೆಯಾಡಿ, ಮಾಂಸವನ್ನು 'ಬುಕಾನ್' ಎಂಬ ಅಟ್ಟಣೆಗಳ ಮೇಲೆ ಹೊಗೆಯಲ್ಲಿ ಒಣಗಿಸಿ ಮಾರುವ ಫ್ರೆಂಚ್ ಬೇಟೆಗಾರರ ಒಂದು ಗುಂಪೇ ಹುಟ್ಟಿಕೊಂಡಿತು. ಅವರೇ ಬುಕನಿಯರುಗಳು. ಕಡಲ್ಗಳ್ಳರೆಂಬ ಅರ್ಥ ಆ ಪದಕ್ಕೆ ಬಂದುದು ಅನಂತರ. ಅವರ ನಡುವೆ ಬಾಳಿದ ಎಕ್ಸ್‌ಕ್ವೆಮೆಲಿನ್ ಎಂಬುವನು 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟಿಸಿದ ಗ್ರಂಥವು ಅವರ ಜೀವನಕ್ಕೆ ಪ್ರಮುಖ ಆಕರವಾಗಿದೆ. ಇಲ್ಲಿ ಗಮನಿಸಬೇಕಾದುದೆಂದರೆ ಅಟ್ಟಣೆಯ ಎತ್ತರ. ಉರಿ ತಾಗದಷ್ಟು ಮೇಲೆ, ಹೊಗೆ ತಲುಪುವಷ್ಟು ಕೆಳಗೆ ಎಂಬುದೇ ಅದರ ಸೂತ್ರ. ಕೊಡಗು ಮತ್ತು ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಕಟ್ಟುತ್ತಿದ್ದ ಅಟ್ಟವನ್ನು ಬಲ್ಲವರಿಗೆ ಈ ಸೂತ್ರವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ವರ್ಜೀನಿಯ, ಕೆರೊಲಿನ ಮೊದಲಾದ ವಸಾಹತುಗಳಲ್ಲಿ ಈ ಅಟ್ಟಣೆಯ ಸ್ಥಾನವನ್ನು ನೆಲದಲ್ಲಿ ತೋಡಿದ ಉದ್ದನೆಯ ಕುಳಿಯು ಪಡೆಯಿತು. ಜಾರ್ಜ್ ವಾಷಿಂಗ್ಟನ್ನನ ದಿನಚರಿಗಳಲ್ಲಿ 1760ರ ದಶಕದಿಂದಲೂ ಬಾರ್ಬೆಕ್ಯೂ ಕೂಟಗಳ ಉಲ್ಲೇಖಗಳಿವೆ. ಕೂಟಕ್ಕೆ ಹೋದವನ ಹೆಸರು ಹೀಗೆ ಉಳಿಯಿತು. ಕುಳಿಯನ್ನು ತೋಡಿ, ಗಟ್ಟಿಮರವನ್ನು ಉರಿಸಿ ಕೆಂಡ ಮಾಡಿ, ರಾತ್ರಿಯಿಡೀ ಆ ಕೆಂಡವನ್ನು ಗುದ್ದಲಿಯಿಂದ ಮಾಂಸದ ಕೆಳಗೆ ಸರಿಸುತ್ತ ಕುಳಿತವರ ಹೆಸರುಗಳು ಉಳಿಯಲಿಲ್ಲ. ಅವರು ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರು ಮತ್ತು ಅವರ ಸಂತತಿಯವರು. ಅವರಲ್ಲಿ ಒಬ್ಬಿಬ್ಬರ ಮಾತುಗಳಾದರೂ ದಾಖಲಾದುದು 1930ರ ದಶಕದ ಉತ್ತರಾರ್ಧದಲ್ಲಿ. ಅಮೆರಿಕದ ಸರ್ಕಾರವು ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಮೂಲಕ ಬದುಕುಳಿದಿದ್ದ ಮಾಜಿ ಗುಲಾಮರ ನೆನಪುಗಳನ್ನು ಬರೆಯಿಸಿದಾಗ, ದಕ್ಷಿಣ ಕೆರೊಲಿನದ ವೆಸ್ಲಿ ಜೋನ್ಸ್ ಎಂಬ ವೃದ್ಧರು ಕೂಟದ ಹಿಂದಿನ ರಾತ್ರಿಯಿಡೀ ಎಚ್ಚರವಿದ್ದು, ವಿನಿಗರ್, ಕರಿಮೆಣಸು, ಕೆಂಪು ಮೆಣಸು, ಉಪ್ಪು, ಬೆಣ್ಣೆ, ಕೊತ್ತಂಬರಿ, ಈರುಳ್ಳಿ, ಬೆಳ್ಳುಳ್ಳಿ ಮುಂತಾದವುಗಳ ಮಿಶ್ರಣವನ್ನು ಮಾಂಸಕ್ಕೆ ಹಚ್ಚುತ್ತ ಬೇಯಿಸುತ್ತಿದ್ದುದನ್ನು ವಿವರಿಸಿದರು. ರಾತ್ರಿಯಿಡೀ ಬೇಯಿಸಿದ ಮಾಂಸವನ್ನು ಮೊದಲು ಕಂದಿಸುವ ಮಾತೇ ಅಲ್ಲಿಲ್ಲ.

ಈ ಸಾಕ್ಷ್ಯದಿಂದ ಆ ಅಡುಗೆಯವರು ಲೀಬಿಗನ ಸಿದ್ಧಾಂತವನ್ನು ಅರಿತು ನಿರಾಕರಿಸಿದರೆಂದು ಹೇಳಹೊರಡುವುದು ಅತಿಶಯೋಕ್ತಿಯಾದೀತು. ಇಡೀ ಪ್ರಾಣಿಯನ್ನೋ ಬಿರುಸಾದ ಭಾಗಗಳನ್ನೋ ಬೇಯಿಸಬೇಕಾದಾಗ ನಿಧಾನ ಶಾಖದ ಹೊರತು ಅನ್ಯಮಾರ್ಗವೇ ಇರಲಿಲ್ಲ. ಆದರೆ ನೂರಾರು ಜನರ ಊಟಕ್ಕೆ ತೇವವಾದ, ಮೃದುವಾದ ಮಾಂಸವನ್ನು ಕವಚವಿಲ್ಲದೆಯೇ ಒದಗಿಸಲು ಸಾಧ್ಯವೆಂಬುದನ್ನು ಅವರ ಕೈಗಳು ತಲೆಮಾರುಗಳ ಕಾಲ ಸಿದ್ಧಪಡಿಸಿ ತೋರಿಸಿದ್ದವು. ಅದನ್ನು ಪ್ರಮಾಣವೆಂದು ಎಣಿಸಲು ಅಂದಿನ ವಿದ್ವತ್ಪ್ರಪಂಚವು ಸಿದ್ಧವಿರಲಿಲ್ಲ, ಅಷ್ಟೆ.

ಮಧ್ಯ ಟೆಕ್ಸಸ್ ಪ್ರಾಂತದಲ್ಲಿ ಈ ಪರಂಪರೆಗೆ ಇನ್ನೊಂದು ಧಾರೆ ಸೇರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಮಾಂಸದ ವ್ಯಾಪಾರಿಗಳು ಮಾರಾಟವಾಗದೆ ಉಳಿದ ಭಾಗಗಳನ್ನು ಕೆಡದಂತೆ ಹೊಗೆಯಲ್ಲಿಟ್ಟು, ಕಾಗದದಲ್ಲಿ ಸುತ್ತಿ ಹತ್ತಿ ಬಿಡಿಸುವ ಕೂಲಿಗಾರರಿಗೆ ಮಾರುತ್ತಿದ್ದರು. ಲಾಕ್‌ಹಾರ್ಟ್ ಎಂಬ ಸಣ್ಣ ಊರಿನ ಕ್ರಾಯ್ಟ್ಸ್ ಮಾರ್ಕೆಟ್ 1900ರಲ್ಲಿ ಆರಂಭವಾಯಿತು. 1999ರಲ್ಲಿ ಟೆಕ್ಸಸ್ ಶಾಸನಸಭೆಯ ಕೆಳಮನೆಯು ಆ ಊರನ್ನು ರಾಜ್ಯದ ಬಾರ್ಬೆಕ್ಯೂ ರಾಜಧಾನಿಯೆಂದು ಗೊತ್ತುವಳಿಯ ಮೂಲಕ ಸಾರಿತು. ದನದ ಎದೆಯ ಭಾಗವಾದ 'ಬ್ರಿಸ್ಕೆಟ್' ಇಲ್ಲಿನ ವಿಶೇಷ. ದನದ ದೇಹದ ಭಾರವನ್ನು ಹೊರುವ ಸ್ನಾಯುವಾದುದರಿಂದ ಅದರಲ್ಲಿ ಕೊಲಾಜೆನ್ ಎಂಬ ಜೋಡಕ ಪದಾರ್ಥವು ವಿಪುಲವಾಗಿದೆ. ಅದು ಕರಗಿ ಜಿಲಟಿನ್ ಆಗಲು 70 ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟ ಒಳಶಾಖವು ಗಂಟೆಗಟ್ಟಲೆ ಬೇಕು. ಆದುದರಿಂದ 110ರಿಂದ 135 ಡಿಗ್ರಿಯ ಗೂಡಿನಲ್ಲಿ ಓಕ್ ಮರದ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆಗಳ ಕಾಲ ಅದನ್ನಿಡುತ್ತಾರೆ. ಮಧ್ಯದಲ್ಲಿ 65–75 ಡಿಗ್ರಿಯ ಹೊತ್ತಿಗೆ ಒಳಶಾಖವು ಏರದೆ ಗಂಟೆಗಳ ಕಾಲ ನಿಂತುಬಿಡುವುದುಂಟು. ಮೇಲ್ಮೈಯಿಂದ ಆವಿಯಾಗುವ ನೀರು, ಮಡಕೆಯ ನೀರನ್ನು ತಂಪಾಗಿಡುವ ರೀತಿಯಲ್ಲಿಯೇ, ಮಾಂಸವನ್ನೂ ತಂಪುಗೊಳಿಸುವುದು ಇದಕ್ಕೆ ಕಾರಣ. ತೀವ್ರ ಶಾಖದಲ್ಲಿ ಕಂದಿಸದಿದ್ದರೂ ಈ ಮಾಂಸದ ಮೇಲೆ ಕಪ್ಪುಮಿಶ್ರಿತ ಕಂದಿನ ಗಟ್ಟಿ ಹೊರಪದರವು ಬೆಳೆಯುತ್ತದೆ. ಕಂದುಬಣ್ಣಕ್ಕೆ ತೀವ್ರ ಉರಿಯು ಅನಿವಾರ್ಯವಲ್ಲ, ಕಾಲವು ಶಾಖದ ಕೆಲಸವನ್ನು ಮಾಡಬಲ್ಲುದು ಎಂಬುದನ್ನು ಇದು ತೋರಿಸುತ್ತದೆ.

ಕಂದುಬಣ್ಣದ ನಿಜವಾದ ಕಾರಣವು ಲೀಬಿಗನ ಕಾಲದಲ್ಲಿ ತಿಳಿದಿರಲಿಲ್ಲ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ಎಂಬ ವಿಜ್ಞಾನಿಯು ಸಕ್ಕರೆ ಮತ್ತು ಅಮೈನೊ ಆಮ್ಲಗಳನ್ನು ಒಟ್ಟಿಗೆ ಕಾಯಿಸಿದಾಗ ಕಂದು ಪದಾರ್ಥಗಳು ಉಂಟಾಗುವುದನ್ನು ವರದಿ ಮಾಡಿದನು. ಆತನ ಆಸಕ್ತಿ ಜೀವಕೋಶಗಳ ರಸಾಯನದಲ್ಲಿತ್ತು, ಅಡುಗೆಯಲ್ಲಿರಲಿಲ್ಲ. ಈ ಕ್ರಿಯೆಯ ಹಂತಗಳ ಸಮಗ್ರ ನಕ್ಷೆಯನ್ನು ಅಮೆರಿಕದ ಕೃಷಿ ಇಲಾಖೆಯ ಜಾನ್ ಹಾಜ್ 1953ರಲ್ಲಿ ಪ್ರಕಟಿಸಿದನು. ಹೊರಪದರದ ಮೌಲ್ಯವು ಅದರ ಪರಿಮಳದಲ್ಲಿ ಮತ್ತು ರುಚಿಯಲ್ಲಿದೆ. ತಡೆಗೋಡೆಯಾಗಿ ಅದಕ್ಕೆ ಮೌಲ್ಯವಿಲ್ಲ. ಕಂದಿದ ಮಾಂಸವನ್ನು ಹೆಚ್ಚು ರಸಭರಿತವೆಂದು ಜನರು ಭಾವಿಸಿದುದಕ್ಕೂ ಇದೇ ಕಾರಣವಿರಬೇಕು. ಬಾಯಲ್ಲಿ ನೀರೂರಿಸುವ ಪರಿಮಳಕ್ಕೂ ಮಾಂಸದೊಳಗಿನ ರಸಕ್ಕೂ ನಾಲಿಗೆಯು ಭೇದವೆಣಿಸುವುದಿಲ್ಲ.

ಸಿದ್ಧಾಂತದ ನೇರವಾದ ಪರೀಕ್ಷೆ ನಡೆದುದು ಅಮೆರಿಕದ ಕೃಷಿ ಮತ್ತು ಗೃಹವಿಜ್ಞಾನ ವಿಭಾಗಗಳಲ್ಲಿ. 1907ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎಲಿಜಬೆತ್ ಸ್ಪ್ರೇಗ್ ಮತ್ತು ಎಚ್. ಎಸ್. ಗ್ರಿಂಡ್ಲಿ ಅವರು ದನದ ಮಾಂಸದ ದೊಡ್ಡ ಖಂಡಗಳ ನಡುಭಾಗಕ್ಕೆ ತಾಪಮಾಪಕವನ್ನು ಚುಚ್ಚಿ, ಬೆಂದಿರುವಿಕೆಯನ್ನು ಗಡಿಯಾರದಿಂದಲ್ಲದೆ ಒಳಶಾಖದಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದರು. 1930ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಜೆಸ್ಸಿ ಆಲಿಸ್ ಕ್ಲೈನ್ ಮತ್ತು ಸಂಗಡಿಗರು ಮೊದಲು ಕಂದಿಸಿದ ಖಂಡಗಳನ್ನೂ ಕಂದಿಸದೆ ಸಮಶಾಖದಲ್ಲಿ ಬೇಯಿಸಿದ ಖಂಡಗಳನ್ನೂ ತೂಗಿ ನೋಡಿದರು. ಕಂದಿಸಿದುದರಿಂದ ರಸವು ಉಳಿಯಲಿಲ್ಲ. ಮಿತಶಾಖದಲ್ಲಿ ಬೆಂದ ಮಾಂಸವೇ ಕಡಿಮೆ ತೂಕವನ್ನು ಕಳೆದುಕೊಂಡಿತು. ಎಂಬತ್ತಮೂರು ವರ್ಷಗಳ ಸಿದ್ಧಾಂತಕ್ಕೆ ಒಂದು ತಕ್ಕಡಿಯು ಸಾಕಾಗಿತ್ತು.

ಆದರೂ ಸಿದ್ಧಾಂತವು ಸಾಯಲಿಲ್ಲ. 1984ರಲ್ಲಿ ಹೆರಾಲ್ಡ್ ಮೆಗೀ ಅವರ 'ಆನ್ ಫುಡ್ ಆ್ಯಂಡ್ ಕುಕಿಂಗ್' ಗ್ರಂಥವು ಇದನ್ನು ಲೀಬಿಗನಿಂದ ಮಿಸೌರಿಯವರೆಗೆ ಅನುಸರಿಸಿ ಬಹಿರಂಗವಾಗಿ ಖಂಡಿಸುವವರೆಗೂ, ಅದರ ನಂತರವೂ, ರಸವನ್ನು ಒಳಗೆ ಬಂಧಿಸುವ ಮಾತು ಪಾಕಗ್ರಂಥಗಳಲ್ಲಿ ಮುಂದುವರಿಯಿತು. ಇದಕ್ಕೆ ಕಾರಣವನ್ನು ಕೇವಲ ಜನರ ಅಜ್ಞಾನದಲ್ಲಿ ಹುಡುಕುವುದು ಸರಿಯಾಗಲಾರದು. ಲೀಬಿಗನು ಬರೆದುದು ವಿಶ್ವಮಾನ್ಯನಾದ ಪ್ರಾಧ್ಯಾಪಕನ ಗ್ರಂಥ. ಕ್ಲೈನ್ ಅವರು ಬರೆದುದು ಕೃಷಿ ಪ್ರಯೋಗಕೇಂದ್ರವೊಂದರ ಕಿರುಹೊತ್ತಗೆ. ಗೃಹವಿಜ್ಞಾನವನ್ನು ಮಹಿಳೆಯರ ಪಠ್ಯವಿಷಯವೆಂದು ಬದಿಗೆ ಸರಿಸಿದ್ದ ಕಾಲವದು. ಕುಳಿಯ ಬಳಿ ಕುಳಿತವನ ಅನುಭವಕ್ಕೆ ಲೇಖನಿಯಿರಲಿಲ್ಲ. ತಕ್ಕಡಿಯ ಬಳಿ ನಿಂತವಳ ಲೇಖನಿಗೆ ಓದುಗರಿರಲಿಲ್ಲ.

ಸಾಮಾನ್ಯ ಗೃಹಸ್ಥನು ತನ್ನ ಹಿತ್ತಲಿನಲ್ಲಿ ಎರಡೂ ಬಗೆಯ ಶಾಖವನ್ನು ಒಂದೇ ಪಾತ್ರೆಯಲ್ಲಿ ಪಡೆಯುವಂತಾದುದು ಎರಡು ಉದ್ಯಮಗಳ ಫಲವಾಗಿ. ಮೊದಲನೆಯದು ಇದ್ದಿಲಿನ ಬಿಲ್ಲೆ. ಪೆನ್ಸಿಲ್ವೇನಿಯದ ಎಲ್ಸ್‌ವರ್ತ್ ಜ್ವಾಯರ್ 1897ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದನು. ಮಿಷಿಗನ್ ರಾಜ್ಯದ ಉತ್ತರಭಾಗದಲ್ಲಿ ಹೆನ್ರಿ ಫೋರ್ಡ್ ತನ್ನ ಮೋಟಾರು ಗಾಡಿಗಳ ಮರದ ಭಾಗಗಳಿಗಾಗಿ ಕಾಡನ್ನು ಕೊಂಡು, ಗರಗಸದ ಕಾರ್ಖಾನೆಯ ಚೂರುಪಾರು ಮರವನ್ನು ವ್ಯರ್ಥಮಾಡದೆ ಇದ್ದಿಲಾಗಿಸಿ, ಪಿಷ್ಟದಿಂದ ಬಿಗಿದು ಬಿಲ್ಲೆಗಳನ್ನು ಮಾಡಿಸಿದನು. ಒರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಆರಿನ್ ಸ್ಟ್ಯಾಫರ್ಡನ ವಿಧಾನವು ಇದಕ್ಕೆ ಆಧಾರವಾಯಿತು. ಮೋಟಾರು ಗಾಡಿಗಳ ಅಂಗಡಿಗಳಲ್ಲಿಯೇ ಇದ್ದಿಲೂ ಮಾರಾಟವಾಗುತ್ತಿದ್ದುದು ಅಮೆರಿಕದ ವಾಣಿಜ್ಯ ಚರಿತ್ರೆಯ ಒಂದು ಸ್ವಾರಸ್ಯ. ಕಾಡಿನ ಖರೀದಿಯಲ್ಲಿ ನೆರವಾದ ಎಡ್ವರ್ಡ್ ಕಿಂಗ್ಸ್‌ಫರ್ಡನ ಹೆಸರನ್ನು 1951ರಲ್ಲಿ ಉದ್ಯಮವು ಕೈಬದಲಾದಾಗ ಅದಕ್ಕೆ ಇಡಲಾಯಿತು.

ಎರಡನೆಯದು ಮುಚ್ಚಳ. ಷಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡುವ ಗುರುತುಗುಂಡುಗಳನ್ನೂ ತಯಾರಿಸುತ್ತಿದ್ದರು. ಅಲ್ಲಿ ಕೆಲಸದಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ಅಂತಹ ಗುಂಡಿನ ಅರ್ಧಭಾಗಕ್ಕೆ ಕಾಲುಗಳನ್ನೂ ಇನ್ನರ್ಧಕ್ಕೆ ಹಿಡಿಯನ್ನೂ ಜೋಡಿಸಿ, ಗಾಳಿಯ ಕಿಂಡಿಗಳನ್ನಿಟ್ಟು ಹೊಸ ಒಲೆಯನ್ನು ರೂಪಿಸಿದನು. ಅದುವರೆಗಿನ ತೆರೆದ ಒಲೆಗಳಲ್ಲಿ ಕೊಬ್ಬು ತೊಟ್ಟಿಕ್ಕಿ ಉರಿಯೆದ್ದರೆ ತಡೆಯುವ ಉಪಾಯವಿರಲಿಲ್ಲ. ಮುಚ್ಚಿದ ಗುಂಡಿನಲ್ಲಿ ಕೆಳಗಿನ ಕಿಂಡಿಯಿಂದ ಒಳಬರುವ ಗಾಳಿಯೇ ಕೆಂಡದ ತೀವ್ರತೆಯನ್ನು ನಿರ್ಧರಿಸುತ್ತದೆ. ಕಿಂಡಿಯನ್ನು ಕಿರಿದುಗೊಳಿಸಿದರೆ ಕೆಂಡವು ಮಂಕಾಗುತ್ತದೆ, ಅಗಲಗೊಳಿಸಿದರೆ ನಿಗಿನಿಗಿಸುತ್ತದೆ. ರಮ್‌ಫರ್ಡನ ಬಿರಡೆಗಳು ನೂರೈವತ್ತು ವರ್ಷಗಳ ಬಳಿಕ ಬೇರೊಂದು ರೂಪದಲ್ಲಿ ಮರಳಿ ಬಂದವೆನ್ನಲು ಅಡ್ಡಿಯಿಲ್ಲ. ಸ್ಟೀಫನ್ ಆತನ ಹೆಸರನ್ನು ಕೇಳಿರಬೇಕಾದ ಅಗತ್ಯವೂ ಇಲ್ಲ.

ಈ ಒಲೆಯಲ್ಲಿ ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿದರೆ ಒಂದೇ ಮುಚ್ಚಳದ ಅಡಿಯಲ್ಲಿ ಎರಡು ಪ್ರದೇಶಗಳಾಗುತ್ತವೆ. ಪಕ್ಕೆಲುಬಿನ ಖಂಡಕ್ಕೆ ಹಿಂದಿನ ದಿನವೇ ಉಪ್ಪು ಸವರಿ, ಕೆಂಡವಿಲ್ಲದ ಬದಿಯಲ್ಲಿಟ್ಟು, ಕೆಂಡದ ಮೇಲೆ ಓಕ್ ಅಥವಾ ಹಿಕರಿ ಮರದ ತುಂಡೊಂದನ್ನು ಇಡುತ್ತಾರೆ. ಮರದಲ್ಲಿರುವ ಲಿಗ್ನಿನ್ ಎಂಬ ಪದಾರ್ಥವು ಒಡೆದಾಗ ಉಂಟಾಗುವ ಗ್ವಯಕಾಲ್, ಸಿರಿಂಗಾಲ್ ಎಂಬ ಸಂಯುಕ್ತಗಳು ಹೊಗೆಯ ವಿಶಿಷ್ಟವಾದ ರುಚಿಯನ್ನೂ ಕಂಪನ್ನೂ ಕೊಡುತ್ತವೆ. ಹೊಗೆಯ ಅನಿಲಗಳಾದ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗಳು ಮಾಂಸದ ಮಯೊಗ್ಲೋಬಿನ್ನಿನೊಡನೆ ಸೇರಿ ಹೊರಪದರದ ಒಳಗೆ ಕೆಲವು ಮಿಲಿಮೀಟರುಗಳ ಗುಲಾಬಿ ಉಂಗುರವನ್ನು ಉಂಟುಮಾಡುತ್ತವೆ. ಕುಳಿಯ ಅಡುಗೆಯವರು ಇದನ್ನು ಒಳ್ಳೆಯ ಹೊಗೆಯ ಗುರುತೆಂದು ಎಣಿಸುತ್ತಾರೆ. ಒಳಶಾಖವು 50 ಡಿಗ್ರಿಯನ್ನು ಸಮೀಪಿಸುವವರೆಗೆ ಮಾಂಸದಲ್ಲಿಯೇ ಇರುವ ಕಿಣ್ವಗಳು ತಂತುಗಳನ್ನು ಸಡಿಲಗೊಳಿಸುತ್ತಿರುತ್ತವೆ. ಶಾಖವು ನಿಧಾನವಾಗಿ ಏರಿದಷ್ಟೂ ಅವುಗಳಿಗೆ ಹೆಚ್ಚು ಅವಕಾಶ. 60 ಡಿಗ್ರಿಯನ್ನು ದಾಟಿದರೆ ಕೊಲಾಜೆನ್ ಪೊರೆಗಳು ಕುಗ್ಗಿ, ಒದ್ದೆ ಬಟ್ಟೆಯನ್ನು ಹಿಂಡಿದಂತೆ ರಸವನ್ನು ಹಿಂಡಿಬಿಡುತ್ತವೆ. ಬ್ರಿಸ್ಕೆಟ್ಟಿನಲ್ಲಿ ಈ ನಷ್ಟವನ್ನು ಕರಗಿದ ಜಿಲಟಿನ್ ಮತ್ತು ಕೊಬ್ಬು ತುಂಬಿಕೊಡುತ್ತವೆ. ಮೆತ್ತಗಿನ ಪಕ್ಕೆಲುಬಿನ ಖಂಡದಲ್ಲಿ ಹಾಗಾಗದು. ಹೀಗಾಗಿ ಅದನ್ನು 50 ಡಿಗ್ರಿಯ ಆಸುಪಾಸಿನಲ್ಲಿಯೇ ತೆಗೆಯುವುದು ರೂಢಿ. ರಸದ ಭವಿಷ್ಯವನ್ನು ಮುಖ್ಯವಾಗಿ ನಿರ್ಣಯಿಸುವುದು ಒಳಗಿನ ಈ ಅಂತಿಮ ಶಾಖವೇ ಎಂಬುದು ಇದರಿಂದ ವಿದಿತವಾಗುತ್ತದೆ.

ಅಷ್ಟರಲ್ಲಿ ಮೇಲ್ಮೈಯು ಒಣಗಿರುತ್ತದೆ. ಕಂದಿಸುವುದನ್ನು ಕೊನೆಗಿಡುವುದರ ಮರ್ಮವಿರುವುದು ಇಲ್ಲಿಯೇ. ಒದ್ದೆಯಾದ ಹಸಿಮಾಂಸವನ್ನು ಕೆಂಡದ ಮೇಲಿಟ್ಟರೆ ಮೇಲಿನ ನೀರೆಲ್ಲ ಆವಿಯಾಗುವವರೆಗೂ ಮೇಲ್ಮೈಯ ಶಾಖವು 100 ಡಿಗ್ರಿಯನ್ನು ಮೀರಲಾರದು. ಮೈಯಾರ್ ಕ್ರಿಯೆಯು ಚುರುಕಾಗುವುದಾದರೋ 140 ಡಿಗ್ರಿಯ ಮೇಲೆ. ನೀರಾರುವುದನ್ನು ಕಾಯುವಷ್ಟರಲ್ಲಿ ಹೊರಗಿನ ಪದರವು ಬೂದುಬಣ್ಣಕ್ಕೆ ತಿರುಗಿ ಬಿರುಸಾಗುತ್ತದೆ. ಹೊಗೆಯಲ್ಲಿ ಒಣಗಿದ ಮೇಲ್ಮೈಯಾದರೆ ಕಿಂಡಿಗಳನ್ನು ತೆರೆದು ಪ್ರಜ್ವಲಿಸುವ ಕೆಂಡದ ಮೇಲೆ ಒಂದೊಂದು ಬದಿಗೆ ಒಂದೆರಡು ನಿಮಿಷವಿಟ್ಟರೆ ಸಾಕು. ಕತ್ತರಿಸಿದಾಗ ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ ಕಾಣುತ್ತದೆ.

ಶಾಖವನ್ನು ಅದರ ಕೆಲಸಕ್ಕೆ ತಕ್ಕಂತೆ ವಿಂಗಡಿಸುವ ಕ್ರಮಕ್ಕೆ ಕರ್ನಾಟಕದಲ್ಲಿಯೂ ಪ್ರಾಚೀನವಾದ ಲಿಖಿತ ಸಾಕ್ಷ್ಯವೊಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಹಂದಿಯ ಮಾಂಸವನ್ನು ಸಿದ್ಧಪಡಿಸುವ ವಿವರಗಳಿವೆ. ಬಿಳಿ ಬಟ್ಟೆ ಹೊದಿಸಿ ಕುದಿನೀರು ಸುರಿದೋ, ಮಣ್ಣು ಮೆತ್ತಿ ಹುಲ್ಲಿನ ಉರಿಯಲ್ಲಿ ಸುಟ್ಟೋ ಮೊದಲು ಕೂದಲನ್ನು ತೆಗೆಯಬೇಕು. ಮಾಂಸವು ಬೇಯಬೇಕಾದುದು ಅನಂತರ ಕೆಂಡದಲ್ಲಿ. ಹುಲ್ಲಿನ ಉರಿಯು ತೀವ್ರವಾದರೂ ಕ್ಷಣಿಕ, ಚರ್ಮವನ್ನು ದಾಟಿ ಒಳಗೆ ಹೋಗದು. ಕೆಂಡದ ಶಾಖವು ಸ್ಥಿರವಾದುದು. ಇಲ್ಲಿ ದನದ ಮಾಂಸದ ಪ್ರಸ್ತಾಪವಿಲ್ಲ, ಹುಲ್ಲಿನ ಉರಿಯ ಉದ್ದೇಶವೂ ಶುದ್ಧೀಕರಣವೇ ಹೊರತು ರುಚಿಯಲ್ಲ. ಆದುದರಿಂದ ಅಮೆರಿಕದ ಕ್ರಮದೊಡನೆ ಇದಕ್ಕೆ ಸಂಬಂಧ ಕಲ್ಪಿಸುವುದು ಸಾಧುವಲ್ಲ. ಆದರೆ ರಾಜನ ಪಾಕಶಾಲೆಯನ್ನು ಬಣ್ಣಿಸಿದ ಗ್ರಂಥವು ರಸವನ್ನು ಬಂಧಿಸುವ ಕವಚದಂತಹ ಸಿದ್ಧಾಂತವನ್ನು ಮುಂದಿಡದೆ, ಅಡುಗೆಯವರು ಮಾಡುತ್ತಿದ್ದುದನ್ನು ಮಾಡುತ್ತಿದ್ದಂತೆಯೇ ಬರೆದಿಟ್ಟಿದೆ ಎಂಬುದು ಅದರ ವೈಶಿಷ್ಟ್ಯ.

ಹೊಗೆಯಲ್ಲಿ ಬೇಯಿಸಿ ಕೊನೆಗೆ ಕಂದಿಸುವ ಕ್ರಮವು 2000ದ ದಶಕದಲ್ಲಿ ಅಮೆರಿಕದ ಬಾರ್ಬೆಕ್ಯೂ ಆಸಕ್ತರ ನಡುವೆ ಪ್ರಚಾರಕ್ಕೆ ಬಂದು, 2007ರಲ್ಲಿ ಕೆಂಜಿ ಲೋಪೆಸ್-ಆಲ್ಟ್ ಅವರು 'ಕುಕ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆಗೆ ಸಿದ್ಧಪಡಿಸಿದ ವಿಧಾನದ ಮೂಲಕ ಮನೆಯ ಒಲೆಗಳಿಗೂ ತಲುಪಿತು. ಇಂಗ್ಲಿಷಿನಲ್ಲಿ ಅದಕ್ಕೆ ನೆಲೆಗೊಂಡ ಹೆಸರು 'ರಿವರ್ಸ್ ಸಿಯರ್', ಅಂದರೆ ತಲೆಕೆಳಗಾದ ಕಂದಿಸುವಿಕೆ. ಮೊದಲು ಕಂದಿಸುವುದೇ ನೇರವಾದ ಕ್ರಮವೆಂಬ ಲೀಬಿಗನ ಎಣಿಕೆಯು ಆತನ ಸಿದ್ಧಾಂತವನ್ನು ಕೈಬಿಟ್ಟವರ ಪರಿಭಾಷೆಯಲ್ಲಿಯೂ ಹೀಗೆ ಉಳಿದುಕೊಂಡಿದೆ. ಹಾನ್ನಾ ಗ್ಲಾಸ್ ಅವರ ಪುಸ್ತಕದಲ್ಲಿ ಅದೇ ಅನುಕ್ರಮಕ್ಕೆ ಪ್ರತ್ಯೇಕವಾದ ಹೆಸರಿಲ್ಲ; ಅಲ್ಲಿ ಅದು ದನದ ಮಾಂಸವನ್ನು ಸುಡುವ ವಿಧಾನ ಮಾತ್ರ.